ಪ್ಯಾನಿಕ್ ಬಟನ್ ಒತ್ತಿದರೆ ಓಡಿ ಬರುವವರು ಯಾರು?

ಚಂದ್ರಗುತ್ತಿ, ಆನವಟ್ಟಿ, ಶಿರಾಳಕೊಪ್ಪ ಸುತ್ತಿನ ಹಳ್ಳಿಗಳಿಂದ ಸೊರಬಕ್ಕೆ, ಶಿಕಾರಿಪುರಕ್ಕೆ ಕಾಲೇಜು ಓದಲು ಹೋಗುವ ಹೆಣ್ಣುಮಕ್ಕಳು ಇಂದು ಬಹಳ ಮಂದಿ. ಇದು ಸಂತೋಷದ ವಿಷಯ. ಆದರೆ ಮಗಳು ಸಂಜೆ ಮನೆ ಸೇರುವ ತನಕ ತಾಯಿಯ ಜೀವ ಬಾಗಿಲಲ್ಲೇ ಇರುತ್ತೆ. 2024ರ ಮಾರ್ಚ್ 4ರಂದು ಕಡಬದ ಸರ್ಕಾರಿ ಪಿಯು ಕಾಲೇಜಿನಲ್ಲಿ ಮೂವರು ವಿದ್ಯಾರ್ಥಿನಿಯರ ಮೇಲೆ ಆಸಿಡ್ ಎರಚಿದರು. ಅದೇ ವರ್ಷ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಇಂಥ ಸುದ್ದಿ ಕೇಳಿದಾಗಲೆಲ್ಲ, ಮೈಮೇಲೆ ಧರಿಸುವ 'ಪ್ಯಾನಿಕ್ ಬಟನ್' ಮಕ್ಕಳಿಗೆ ಕೊಡಿಸಬಹುದೇ ಅನ್ನೋ ಪ್ರಶ್ನೆ ಏಳುತ್ತದೆ.

ಇದು ಲಾಕೆಟ್, ಕೈಪಟ್ಟಿ ಅಥವಾ ಗುರುತಿನ ಚೀಟಿಯ ರೂಪದ ಪುಟ್ಟ ಸಾಧನ. ಒಳಗೆ ಗುಂಡನೆಯ ಸಣ್ಣ ಬ್ಯಾಟರಿ. ಬಟನ್ ಒತ್ತಿ ಹಿಡಿದರೆ ಅದು ಬ್ಲೂಟೂತ್ ಮೂಲಕ ಬ್ಯಾಗಿನಲ್ಲಿರುವ ಫೋನಿಗೆ ತಿಳಿಸುತ್ತದೆ. ಆ ಫೋನು ಮನೆಯವರಿಗೆ, ಕಾಲೇಜಿಗೆ ಸಂದೇಶವನ್ನೂ ಇರುವ ಜಾಗವನ್ನೂ ಕಳಿಸುತ್ತದೆ. ಅಂದರೆ ಕೆಲಸ ಮಾಡುವುದು ಫೋನೇ. ಫೋನು ಕಸಿದುಕೊಂಡು ಹೋದರೆ, ಚಾರ್ಜ್ ಮುಗಿದಿದ್ದರೆ, ಸಿಗ್ನಲ್ ಇಲ್ಲದಿದ್ದರೆ ಬಟನ್ ಬರೀ ಆಭರಣ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋದ ಹಿಂದೆಯೇ ಟವರೂ ಹೋಗುವುದು ನಿಮಗೆ ಹೇಳಬೇಕಾಗಿಲ್ಲ.

ಇನ್ನೊಂದು ಬಗೆಯದಕ್ಕೆ ಫೋನೇ ಬೇಡ. ಕಾಲೇಜಿನ ಮಾಡಿನ ಮೇಲೆ ಒಂದು ರಿಸೀವರ್ ಇಟ್ಟರೆ ಆವರಣದೊಳಗಿನ ಬಟನ್‌ಗಳು ರೇಡಿಯೋ ಅಲೆಯಲ್ಲಿ ನೇರವಾಗಿ ಅದಕ್ಕೆ ಸುದ್ದಿ ಮುಟ್ಟಿಸುತ್ತವೆ. ಕಟ್ಟಡದೊಳಗೆ ಜಿಪಿಎಸ್ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಲ್ಯಾಬು, ಮೆಟ್ಟಿಲು, ಶೌಚಾಲಯದ ದಾರಿಯಲ್ಲಿ ಸಣ್ಣ ಗುರುತು ಸಾಧನ ಹಾಕಿದರೆ ಯಾವ ಜಾಗ ಅಂತ ಗೊತ್ತಾಗುತ್ತೆ. ಆದರೆ ಗೇಟಿನಾಚೆ, ಬಸ್‌ಸ್ಟ್ಯಾಂಡಿನಲ್ಲಿ, ಊರಿನ ತಿರುವಿನಲ್ಲಿ ಇದು ಕೆಲಸಕ್ಕೆ ಬಾರದು.

ಹಠಾತ್ತನೆ ನಡೆಯುವ ದಾಳಿಯನ್ನು ಬಟನ್ ತಡೆಯುತ್ತದೆ ಅಂತ ನಾವು ಹೇಳುವುದಿಲ್ಲ. ಹಿಂದೆ ಬಿದ್ದವನನ್ನು ಕಂಡಾಗ, ಒಂಟಿಯಾಗಿ ಸಿಕ್ಕಿಕೊಂಡಾಗ ಅದು ನೆರವಾದೀತು. ಅದೂ ಆ ಕಡೆ ಕೇಳಿಸಿಕೊಳ್ಳುವವರು ಇದ್ದರೆ ಮಾತ್ರ. ಒತ್ತಿದಾಗ ಯಾರ ಫೋನ್ ಬಡಿದುಕೊಳ್ಳುತ್ತದೆ? ಅವರು ಪಾಠದಲ್ಲಿದ್ದರೆ ಮುಂದೆ ಯಾರು? ಕಾಲೇಜು ಬಿಟ್ಟು ಸಂಜೆ 5ರ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಯಾರು? ಹಣ ಕೊಡುವ ಮುಂಚೆ ಪೋಷಕರು ಇದನ್ನು ಪ್ರಾಂಶುಪಾಲರ ಬಳಿ ಕೇಳಿ, ಹೆಸರು ಬರೆಸಿಕೊಳ್ಳಿ. ಮಗಳು ಎಲ್ಲೆಲ್ಲಿ ಹೋದಳು ಅಂತ ದಿನವಿಡೀ ಪತ್ತೆ ಹಚ್ಚಲು ಬಟನ್ ಬಳಸುವುದು ಬೇಡ. ಹಾಗೆ ಮಾಡಿದರೆ ಅವಳು ಅದನ್ನು ಮನೆಯಲ್ಲೇ ಬಿಟ್ಟು ಹೋಗ್ತಾಳೆ.

ದಿನವೂ ಚುಡಾಯಿಸುವವನ ವಿಷಯಕ್ಕೆ ಬಟನ್ ಮದ್ದಲ್ಲ. ಯುಜಿಸಿಯ 2015ರ ನಿಯಮದಂತೆ ಪದವಿ ಕಾಲೇಜುಗಳಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಘಟನೆಯಾದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು, 90 ದಿನದೊಳಗೆ ವಿಚಾರಣೆ ಮುಗಿಯಬೇಕು. ಸಮಿತಿಯಲ್ಲಿ ಯಾರಿದ್ದಾರೆ ಅನ್ನೋದು ನಿಮ್ಮ ಮಗಳಿಗೆ ಗೊತ್ತೇ?

ಖರ್ಚಿಲ್ಲದ ಬಟನ್ ಒಂದು ಈಗಾಗಲೇ ಕೈಯಲ್ಲಿದೆ. 2016ರ ಕೇಂದ್ರ ನಿಯಮದ ಪ್ರಕಾರ 2017ರಿಂದ ಮಾರಾಟವಾಗುವ ಮೊಬೈಲ್‌ಗಳಲ್ಲಿ ಪ್ಯಾನಿಕ್ ಬಟನ್ ಇರಬೇಕು. ಸಾದಾ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ ಬೇಗಬೇಗ ಒತ್ತುವುದು. ಕೆಲವದರಲ್ಲಿ ಮೂರು ಸಲ, ಕೆಲವದರಲ್ಲಿ ಐದು ಸಲ. ಸೆಟ್ಟಿಂಗ್ಸ್‌ನಲ್ಲಿ 'ಎಮರ್ಜೆನ್ಸಿ' ಅನ್ನುವ ಕಡೆ ನೋಡಿ, ಮನೆಯ ಇಬ್ಬರ ನಂಬರ್ ಸೇರಿಸಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಪರೀಕ್ಷೆ ಮಾಡಿ ನೋಡುವುದಾದರೆ ಮನೆಯ ನಂಬರಿಗೇ ಮಾಡಿ, 112ಕ್ಕೆ ಬೇಡ.