ಆಂಗ್ಲ ಶಬ್ದಯುಗ್ಮಗಳಲ್ಲಿ ಅರ್ಥಭೇದ

ಒಂದೇ ಮೂಲದಿಂದ ಹುಟ್ಟಿ, ರೂಪದಲ್ಲಿ ಅತ್ಯಲ್ಪ ಭೇದವುಳ್ಳ ಶಬ್ದಯುಗ್ಮಗಳು ಆಂಗ್ಲಭಾಷೆಯಲ್ಲಿ ಹೇರಳವಾಗಿವೆ. ಇವನ್ನು ಪರ್ಯಾಯಪದಗಳೆಂದು ಭಾವಿಸಿ ಎರಡಕ್ಕೂ ಒಂದೇ ಕನ್ನಡ ಶಬ್ದವನ್ನಿಡುವುದು ಭಾಷಾಂತರಗಳಲ್ಲಿಯೂ ಪಾಠಪ್ರವಚನಗಳಲ್ಲಿಯೂ ಅಪೂರ್ವವಲ್ಲ. ಅದರಿಂದ ಅರ್ಥವು ಕೆಲವೆಡೆ ಮಸುಕಾಗುತ್ತದೆ. ಕೆಲವೆಡೆ ವಿಪರೀತವೇ ಆಗುತ್ತದೆ. ಇಂತಹ ಯುಗ್ಮಗಳ ಭೇದವನ್ನು ನಿರ್ಣಯಿಸುವುದು ವ್ಯುತ್ಪತ್ತಿಯೋ ಪ್ರಯೋಗವೋ ಎಂಬುದು ಇಲ್ಲಿ ವಿಚಾರಣೀಯ.

ನಮ್ಮ ಶಾಸ್ತ್ರಕಾರರು ಶಬ್ದಗಳನ್ನು ಯೌಗಿಕ, ರೂಢ, ಯೋಗರೂಢ ಎಂದು ವಿಂಗಡಿಸಿರುವರು. ‘ಪಾಚಕ’ ಎಂಬುದು ಯೌಗಿಕ. ಅಡುಗೆ ಮಾಡುವವನೆಂಬುದು ಅವಯವಾರ್ಥದಿಂದಲೇ ತಿಳಿಯುತ್ತದೆ. ‘ಪಂಕಜ’ವು ಯೋಗರೂಢ, ಕೆಸರಿನಲ್ಲಿ ಹುಟ್ಟಿದ್ದೆಲ್ಲವೂ ಪಂಕಜವಲ್ಲ, ತಾವರೆಯೊಂದೇ ಪಂಕಜ. ಆಂಗ್ಲ ಯುಗ್ಮಗಳನ್ನು ಯೌಗಿಕಗಳೆಂದು ನೋಡಿದರೆ ಅನೇಕ ಕಡೆ ಭೇದವೇ ತೋರದು. ಅವು ಯೋಗರೂಢಗಳೆಂದು ತಿಳಿದಾಗಲೇ ಭೇದವು ಸ್ಪಷ್ಟವಾಗುತ್ತದೆ.

ಮೊದಲು ಸುಲಭವಾದ ಉದಾಹರಣೆಗಳು. ‘ಹಿಸ್ಟಾರಿಕಲ್’ ಎಂದರೆ ಇತಿಹಾಸಕ್ಕೆ ಸಂಬಂಧಿಸಿದ್ದು. ‘ಹಿಸ್ಟಾರಿಕ್’ ಎಂದರೆ ಇತಿಹಾಸದಲ್ಲಿ ಉಳಿಯತಕ್ಕ ಮಹತ್ತ್ವವುಳ್ಳದ್ದು. ಹಳೆಯ ಗ್ರಾಮವೊಂದರ ಕಂದಾಯದ ಕಡತವು ಮೊದಲನೆಯದು; 1799ರ ಶ್ರೀರಂಗಪಟ್ಟಣದ ಪತನವು ಎರಡನೆಯದು. ಹಾಗೆಯೇ ‘ಎಕನಾಮಿಕ್’ ಎಂಬುದು ಅರ್ಥವ್ಯವಸ್ಥೆಗೂ ‘ಎಕನಾಮಿಕಲ್’ ಎಂಬುದು ಮಿತವ್ಯಯಕ್ಕೂ ಸಲ್ಲುತ್ತವೆ. ಆರ್ಥಿಕ ಯೋಜನೆಯೊಂದು ಮಿತವ್ಯಯದ್ದೇ ಆಗಬೇಕೆಂಬ ನಿಯಮವಿಲ್ಲ. 1926ರಲ್ಲಿ ಪ್ರಕಟವಾದ ಆಂಗ್ಲಪ್ರಯೋಗಕೋಶದಲ್ಲಿ ಫೌಲರನು ಇಂತಹ ದ್ವಿವಿಧ ಪ್ರತ್ಯಯದ ಪದಗಳನ್ನು ಪ್ರತ್ಯೇಕವಾಗಿ ಚರ್ಚಿಸಿರುವನು.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ‘ಡಿಸ್‌ಇಂಟರೆಸ್ಟೆಡ್’, ‘ಅನ್‌ಇಂಟರೆಸ್ಟೆಡ್’ ಎಂಬ ಯುಗ್ಮ. ಎರಡೂ ಉಪಸರ್ಗಗಳು ನಿಷೇಧಾರ್ಥಕಗಳೇ. ಭೇದದ ಬೀಜವಿರುವುದು ‘ಇಂಟರೆಸ್ಟ್’ ಶಬ್ದದಲ್ಲಿ. ಅದಕ್ಕೆ ಸ್ವಂತ ಲಾಭ ಅಥವಾ ಸಂಬಂಧವೆಂದೂ ಮನಸ್ಸಿನ ಆಸಕ್ತಿಯೆಂದೂ ಎರಡರ್ಥಗಳಿವೆ. ಶಿಷ್ಟಪ್ರಯೋಗದಲ್ಲಿ ‘ಡಿಸ್‌ಇಂಟರೆಸ್ಟೆಡ್’ ಮೊದಲನೆಯದನ್ನೂ ‘ಅನ್‌ಇಂಟರೆಸ್ಟೆಡ್’ ಎರಡನೆಯದನ್ನೂ ನಿಷೇಧಿಸುತ್ತದೆ. ನ್ಯಾಯಾಧಿಪತಿಯು ವ್ಯಾಜ್ಯದಲ್ಲಿ ‘ಡಿಸ್‌ಇಂಟರೆಸ್ಟೆಡ್’ ಆಗಿರಲೇಬೇಕು, ‘ಅನ್‌ಇಂಟರೆಸ್ಟೆಡ್’ ಆಗಿರಕೂಡದು. ಎರಡನ್ನೂ ‘ಆಸಕ್ತಿಯಿಲ್ಲದವನು’ ಎಂದು ಭಾಷಾಂತರಿಸಿದರೆ ಈ ವಾಕ್ಯವು ಸ್ವವಚನವಿರೋಧಕ್ಕೆ ಗುರಿಯಾಗುತ್ತದೆ.

ಈ ವ್ಯವಸ್ಥೆಯು ಶಬ್ದಗಳಿಗೆ ಸಹಜವಾದುದೆಂದೂ ತಿಳಿಯಬಾರದು. 17ನೆಯ ಶತಮಾನದಲ್ಲಿ ‘ಡಿಸ್‌ಇಂಟರೆಸ್ಟೆಡ್’ ಎಂಬುದು ಆಸಕ್ತಿಯಿಲ್ಲದವನೆಂಬರ್ಥದಲ್ಲಿಯೂ ‘ಅನ್‌ಇಂಟರೆಸ್ಟೆಡ್’ ಎಂಬುದು ನಿಷ್ಪಕ್ಷಪಾತಿಯೆಂಬರ್ಥದಲ್ಲಿಯೂ ಪ್ರಯುಕ್ತವಾಗಿದ್ದವು. ಕಾಲಕ್ರಮದಲ್ಲಿ ಅವು ತಮ್ಮ ಅರ್ಥಗಳನ್ನು ಅದಲುಬದಲು ಮಾಡಿಕೊಂಡವು. ಇಂದಿಗೂ ಅನೇಕ ಆಂಗ್ಲ ಲೇಖಕರು ಮೊದಲನೆಯದನ್ನು ಎರಡನೆಯದರ ಅರ್ಥದಲ್ಲಿ ಬಳಸುವುದುಂಟು. ಅವಯವಗಳು ಬದಲಾಗದೆ ಅರ್ಥವು ಬದಲಾದುದರಿಂದ, ಇಲ್ಲಿ ರೂಢಿಯೇ ಪ್ರಮಾಣವೆಂಬುದು ಸಿದ್ಧವಾಗುತ್ತದೆ.

ಸಂಸ್ಕೃತ ಬಲ್ಲ ಭಾಷಾಂತರಕಾರನಿಗೆ ಇಲ್ಲಿ ಇನ್ನೊಂದು ತೊಡಕುಂಟು. ‘ಡಿಸ್‌ಇಂಟರೆಸ್ಟೆಡ್’ ಶಬ್ದಕ್ಕೆ ‘ಉದಾಸೀನ’ನೆಂಬುದು ಅವನಿಗೆ ಮೊದಲು ಹೊಳೆಯಬಹುದು. ಕೌಟಲ್ಯನ ರಾಜಮಂಡಲದಲ್ಲಿ ಉದಾಸೀನನು ಉಳಿದವರ ಕಲಹದ ಹೊರಗಿರುವ ಪ್ರಬಲನಾದ ಅರಸು. ಭಗವದ್ಗೀತೆಯಲ್ಲಿ ಗುಣಾತೀತನಿಗೆ ಉದಾಸೀನನ ಸಾಮ್ಯವನ್ನು ಹೇಳಿದೆ. ಆದರೆ ಕನ್ನಡದ ಬಳಕೆಯಲ್ಲಿ ‘ಉದಾಸೀನ’ವೆಂದರೆ ಅಸಡ್ಡೆ, ಅಲಕ್ಷ್ಯ. ಉದಾಸೀನನಾದ ನ್ಯಾಯಾಧಿಪತಿಯೆಂದು ಬರೆದರೆ ಸಂಸ್ಕೃತಜ್ಞನು ಸ್ತುತಿಯೆಂದು ಗ್ರಹಿಸಿಯಾನು. ಕನ್ನಡಿಗನು ನಿಂದೆಯೆಂದೇ ಗ್ರಹಿಸುವನು. ಆಂಗ್ಲದಲ್ಲಿ ಎರಡು ಶಬ್ದಗಳಿಗೆ ಹಂಚಿಹೋದ ಅರ್ಥಭೇದವು ಇಲ್ಲಿ ಒಂದೇ ಶಬ್ದದಲ್ಲಿ ಎರಡು ಭಾಷೆಗಳಿಗೆ ಹಂಚಿಹೋಗಿದೆ. ‘ತಟಸ್ಥ’ ಶಬ್ದವೂ ಸಾಲದು. ತಟಸ್ಥನು ಯಾವ ಪಕ್ಷವನ್ನೂ ಹಿಡಿಯನು, ನ್ಯಾಯಾಧಿಪತಿಯಾದರೋ ಕಡೆಗೊಂದು ಪಕ್ಷಕ್ಕೆ ಜಯವನ್ನು ಹೇಳಲೇಬೇಕು. ಆದುದರಿಂದ ‘ಡಿಸ್‌ಇಂಟರೆಸ್ಟೆಡ್’ ಶಬ್ದಕ್ಕೆ ಸಂದರ್ಭಾನುಸಾರವಾಗಿ ‘ನಿಷ್ಪಕ್ಷಪಾತ’ ಅಥವಾ ‘ನಿಃಸ್ವಾರ್ಥ’ವೆಂದೂ ‘ಅನ್‌ಇಂಟರೆಸ್ಟೆಡ್’ ಶಬ್ದಕ್ಕೆ ‘ನಿರಾಸಕ್ತ’ವೆಂದೂ ಹೇಳುವುದು ಯುಕ್ತ.

ಇಂತಹ ವಿನಿಮಯವು ನಮಗೂ ಹೊಸದಲ್ಲ. ‘ಜಾತ್ರೆ’ಯು ‘ಯಾತ್ರೆ’ಯ ತದ್ಭವ. ವ್ಯುತ್ಪತ್ತಿಯಿಂದ ಎರಡೂ ಒಂದೇ. ಆದರೆ ಕಾಶಿಗೆ ಹೊರಟವನು ಯಾತ್ರೆಗೆ ಹೋಗುವನು, ಊರದೇವರ ತೇರಿಗೆ ಹೊರಟವನು ಜಾತ್ರೆಗೆ ಹೋಗುವನು. ಒಂದನ್ನಿನ್ನೊಂದರ ಸ್ಥಾನದಲ್ಲಿಟ್ಟರೆ ಅನಕ್ಷರಸ್ಥನೂ ನಗುವನು. ತನ್ನ ಭಾಷೆಯಲ್ಲಿ ಪ್ರಯಾಸವಿಲ್ಲದೆ ಕಾಣುವ ಈ ವಿವೇಕವನ್ನು ಪರಭಾಷೆಯ ವಿಷಯದಲ್ಲಿ ಅಭ್ಯಾಸದಿಂದ ಸಂಪಾದಿಸಬೇಕು. ವ್ಯುತ್ಪತ್ತಿಯು ಶಬ್ದದ ಜನ್ಮವನ್ನು ತಿಳಿಸುತ್ತದೆ. ಅದರ ವೃತ್ತಿಯನ್ನು ತಿಳಿಸುವುದು ಪ್ರಯೋಗವೇ. ಯುಗ್ಮಗಳನ್ನು ಬೋಧಿಸುವ ಉಪಾಧ್ಯಾಯರು ಕೋಶಾರ್ಥವನ್ನು ಹೇಳಿ ನಿಲ್ಲಿಸದೆ, ಒಂದು ಸಲ್ಲುವ, ಇನ್ನೊಂದು ಸಲ್ಲದ ವಾಕ್ಯವನ್ನು ಪ್ರತಿಯೊಂದಕ್ಕೂ ತೋರಿಸುವುದೇ ಈ ಭೇದವನ್ನು ಮನದಟ್ಟು ಮಾಡುವ ಸರಿಯಾದ ಕ್ರಮ.