ಅಗ್ನಿ ಎಚ್ಚರಿಕೆ ಫಲಕದಿಂದ ದೂರ ಠಾಣೆಗೆ: ಸಂಕೇತ ರವಾನೆಯ ತಂತಿಜೋಡಣೆ

ಬೆಂಕಿಯ ಸುದ್ದಿಯನ್ನು ವಿದ್ಯುತ್ ತಂತಿಯ ಮೂಲಕ ಮುಟ್ಟಿಸುವ ನಗರವ್ಯಾಪಿ ವ್ಯವಸ್ಥೆ ಅಮೆರಿಕದ ಬಾಸ್ಟನ್ನಿನಲ್ಲಿ 1852ರಲ್ಲಿ ಕಾರ್ಯಾರಂಭ ಮಾಡಿತು. ವಿಲಿಯಂ ಚಾನಿಂಗ್ ಮತ್ತು ಮೋಸೆಸ್ ಫಾರ್ಮರ್ ಅದನ್ನು ರೂಪಿಸಿದವರು. ಬೀದಿಯ ಪೆಟ್ಟಿಗೆಯ ಹಿಡಿಕೆಯನ್ನು ತಿರುಗಿಸಲು ಅಂದು ಮನುಷ್ಯನೇ ಬೇಕಾಗಿತ್ತು. ಇಂದು ಆ ಕಾರ್ಯವನ್ನು ಹೊಗೆ ಶೋಧಕಗಳೂ ನಿಯಂತ್ರಣ ಫಲಕವೂ ನಿರ್ವಹಿಸುತ್ತವೆ. ರಾತ್ರಿ ಜನರಿಲ್ಲದ ಕಟ್ಟಡದಲ್ಲಿ ಗಂಟೆ ಬಾರಿಸಿದರೆ ಕೇಳುವವರಿಲ್ಲ. ಆದುದರಿಂದ ಸಂಕೇತವನ್ನು ಕಟ್ಟಡದ ಆಚೆಗೆ ಕಳುಹಿಸುವುದು ಅವಶ್ಯಕವಾಗುತ್ತದೆ.

ಅಮೆರಿಕದ ಎನ್‌ಎಫ್‌ಪಿಎ 72 ಸಂಹಿತೆಯು ಇಂತಹ ಸಂಕೇತಗಳನ್ನು ಸ್ವೀಕರಿಸುವ ಠಾಣೆಗಳನ್ನು ಕೇಂದ್ರ ಠಾಣೆ, ಸ್ವಾಮ್ಯ ಠಾಣೆ ಮತ್ತು ದೂರ ಠಾಣೆ ಎಂದು ಮೂರಾಗಿ ವಿಂಗಡಿಸುತ್ತದೆ. ಅಗ್ನಿಶಾಮಕ ದಳದ ಸಂಪರ್ಕ ಕೇಂದ್ರ ಅಥವಾ ಸ್ಥಳೀಯ ಅಧಿಕಾರಿಗಳು ಒಪ್ಪಿದ ಬೇರೊಂದು ಸ್ಥಳ ದೂರ ಠಾಣೆಯಾಗಬಹುದು.

ಮೌನದ ಸಮಸ್ಯೆ

ದೂರದಲ್ಲಿ ಕುಳಿತವನಿಗೆ ಏನೂ ಕೇಳಿಬರದಿದ್ದರೆ ಅದಕ್ಕೆ ಎರಡು ಅರ್ಥಗಳಿರಬಹುದು: ಕಟ್ಟಡ ಸುರಕ್ಷಿತವಾಗಿದೆ, ಇಲ್ಲವೇ ತಂತಿ ಕಡಿದುಹೋಗಿದೆ. ಇವೆರಡನ್ನೂ ಬೇರ್ಪಡಿಸುವುದೇ ಈ ತಂತಿಜೋಡಣೆಯ ಮೂಲ ಉದ್ದೇಶ. ಕಟ್ಟಡದೊಳಗಿನ ಶೋಧಕ ಮಂಡಲದಲ್ಲಿಯೂ ಇದೇ ತತ್ತ್ವವಿದೆ. ಮಂಡಲದ ತುದಿಯಲ್ಲಿ ಒಂದು ರೋಧಕವನ್ನು ಕೂರಿಸಲಾಗುತ್ತದೆ. 24 ವೋಲ್ಟ್ ಮಂಡಲದಲ್ಲಿ 4,700 ಓಮ್ ರೋಧಕವಿದ್ದರೆ ಸುಮಾರು 5 ಮಿಲಿಆಂಪಿಯರ್ ಪ್ರವಾಹ ಸದಾ ಹರಿಯುತ್ತಿರುತ್ತದೆ. ತಂತಿ ಕಡಿದರೆ ಪ್ರವಾಹ ನಿಲ್ಲುತ್ತದೆ, ಫಲಕವು ದೋಷವನ್ನು ಸೂಚಿಸುತ್ತದೆ. ಶೋಧಕ ಹೊಗೆಯನ್ನು ಗುರುತಿಸಿದಾಗ ಪ್ರವಾಹ ಹೆಚ್ಚುತ್ತದೆ, ಫಲಕವು ಬೆಂಕಿಯೆಂದು ಸಾರುತ್ತದೆ.

ಧ್ರುವ ವಿಪರ್ಯಯ ಮಂಡಲ

ದೂರ ಠಾಣೆಗೆ ಸಂಕೇತ ಕಳುಹಿಸಲು ದೀರ್ಘಕಾಲ ಬಳಕೆಯಲ್ಲಿದ್ದ ವಿಧಾನ ಧ್ರುವ ವಿಪರ್ಯಯ. ದೂರವಾಣಿ ಸಂಸ್ಥೆಯಿಂದ ಬಾಡಿಗೆಗೆ ಪಡೆದ ಎರಡೇ ತಂತಿಗಳಲ್ಲಿ ಮೂರು ಸ್ಥಿತಿಗಳನ್ನು ತಿಳಿಸುವುದು ಇದರ ವೈಶಿಷ್ಟ್ಯ. ಸಾಮಾನ್ಯ ಸ್ಥಿತಿಯಲ್ಲಿ ಫಲಕವು ಈ ಜೋಡಿಗೆ ನಿಗದಿತ ದಿಕ್ಕಿನ ಡಿ.ಸಿ. ವೋಲ್ಟೇಜನ್ನು ನೀಡುತ್ತಿರುತ್ತದೆ. ಬೆಂಕಿ ಕಂಡಾಗ ರಿಲೇ ಧನ ಹಾಗೂ ಋಣ ಧ್ರುವಗಳನ್ನು ಅದಲುಬದಲು ಮಾಡುತ್ತದೆ. ದೋಷವಿದ್ದಾಗ ವೋಲ್ಟೇಜ್ ಶೂನ್ಯಕ್ಕಿಳಿಯುತ್ತದೆ. ತಂತಿ ಕಡಿದರೂ ಠಾಣೆಯಲ್ಲಿ ಕಾಣುವುದು ಶೂನ್ಯವೇ. ಹೀಗೆ ಮೌನವೇ ಒಂದು ದೂರಾಗಿ ಪರಿಣಮಿಸುತ್ತದೆ.

ಜೋಡಣೆಯಲ್ಲಿ ಕೆಲವು ಅಂಶಗಳು ಗಮನಾರ್ಹ. ಫಲಕದ ಮೇಲೆ ಮುದ್ರಿತವಾದ ಧನ-ಋಣ ಚಿಹ್ನೆಗಳು ಸಾಮಾನ್ಯ ಸ್ಥಿತಿಗೆ ಸಂಬಂಧಿಸಿವೆಯೋ ಎಚ್ಚರಿಕೆಯ ಸ್ಥಿತಿಗೋ ಎಂಬುದನ್ನು ತಯಾರಕರ ಕೈಪಿಡಿಯಲ್ಲಿ ಮೊದಲೇ ಖಚಿತಪಡಿಸಿಕೊಳ್ಳಬೇಕು. ತಂತಿಗಳು ಅದಲುಬದಲಾದರೆ ಏನೂ ಆಗದಿದ್ದಾಗ ಠಾಣೆಯಲ್ಲಿ ಬೆಂಕಿಯೆಂದು ತೋರುತ್ತದೆ, ನಿಜವಾಗಿ ಬೆಂಕಿ ಬಿದ್ದಾಗ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ದುರಸ್ತಿಯ ವೇಳೆ ಹಾದಿಯ ನಡುವೆ ಎಲ್ಲಿ ಜೋಡಿ ತಿರುಗಿದರೂ ಇದೇ ಫಲ. ತಂತಿಯ ರೋಧವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 0.5 ಮಿಲಿಮೀಟರ್ ವ್ಯಾಸದ ತಾಮ್ರದ ಜೋಡಿಗೆ ಕಿಲೋಮೀಟರಿಗೆ ಸುಮಾರು 175 ಓಮ್ ರೋಧವಿರುತ್ತದೆ. 5 ಕಿಲೋಮೀಟರ್ ದೂರದಲ್ಲಿ, 4 ಮಿಲಿಆಂಪಿಯರ್ ಪ್ರವಾಹಕ್ಕೆ ಸುಮಾರು 3.5 ವೋಲ್ಟ್ ತಂತಿಯಲ್ಲೇ ನಷ್ಟವಾಗುತ್ತದೆ. ಹೊರಗಿನಿಂದ ಬರುವ ತಂತಿಗೆ ಸಿಡಿಲಿನ ಆಘಾತದಿಂದ ರಕ್ಷಣೆ ಒದಗಿಸುವುದೂ ಅಗತ್ಯ. ಮುಖ್ಯ ವಿದ್ಯುತ್ ನಿಂತರೂ ಫಲಕವು ಬ್ಯಾಟರಿಯ ಬಲದಿಂದ 24 ಗಂಟೆ ಕಾವಲಿದ್ದು, ಅನಂತರವೂ 5 ನಿಮಿಷ ಎಚ್ಚರಿಕೆ ನೀಡಲು ಶಕ್ತವಾಗಿರಬೇಕೆಂಬುದು ಸಂಹಿತೆಯ ಸಾಮಾನ್ಯ ನಿಯಮ.

ತಾಮ್ರದ ನಂತರ

ಡಿ.ಸಿ. ವೋಲ್ಟೇಜ್ ಅಖಂಡ ಲೋಹದ ತಂತಿಯಲ್ಲಿ ಮಾತ್ರ ಸಾಗಬಲ್ಲದು. ದೂರವಾಣಿ ಜಾಲಗಳು ಡಿಜಿಟಲ್ ಉಪಕರಣ ಹಾಗೂ ಬೆಳಕಿನ ಎಳೆಗಳಿಗೆ ಬದಲಾದಂತೆ ಈ ವಿಧಾನ ಹಿಂದೆ ಸರಿಯಿತು. ಅದರ ಸ್ಥಾನದಲ್ಲಿ ಬಂದ, ದೂರವಾಣಿ ಸಂಖ್ಯೆಗೆ ಕರೆಮಾಡುವ ಡಿಜಿಟಲ್ ಸಾಧನಗಳು ಎಡೆಬಿಡದ ಕಾವಲನ್ನು ನೀಡಲಾರವು. ಅವು ಆಗಾಗ ಪರೀಕ್ಷಾ ಸಂಕೇತವನ್ನಷ್ಟೇ ಕಳುಹಿಸುತ್ತವೆ. ಮೊದಲು ಇದು 24 ಗಂಟೆಗೊಮ್ಮೆ ಇತ್ತು, ಸಂಹಿತೆಯ 2013ರ ಆವೃತ್ತಿ ಅದನ್ನು 6 ಗಂಟೆಗೆ ಇಳಿಸಿತು. ಅಂತರಜಾಲ ಅಥವಾ ಮೊಬೈಲ್ ಜಾಲದ ಒಂದೇ ಮಾರ್ಗವನ್ನು ನಂಬಿದ ವ್ಯವಸ್ಥೆಯಲ್ಲಿ ಮಾರ್ಗ ಕಡಿದುದು 60 ನಿಮಿಷದೊಳಗೆ ತಿಳಿಯಬೇಕೆಂದೂ ಅದೇ ಆವೃತ್ತಿ ವಿಧಿಸಿತು.

ತಂತಿಯ ಆಚೆ

ಸಂಕೇತ ತಲುಪಿದ ಮಾತ್ರಕ್ಕೆ ರಕ್ಷಣೆ ಪೂರ್ಣವಾಗದು. ಫಿಲಡೆಲ್ಫಿಯಾದ 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡದಲ್ಲಿ 1991ರ ಫೆಬ್ರವರಿ 23ರ ರಾತ್ರಿ ಎಚ್ಚರಿಕೆ ಮೊಳಗಿದಾಗ ಅಗ್ನಿಶಾಮಕ ದಳಕ್ಕೆ ತಕ್ಷಣ ಕರೆ ಹೋಗಲಿಲ್ಲ. ಸಿಬ್ಬಂದಿ ಮೊದಲು ನೋಡಿಬರಲು ಮೇಲೇರಿದರು. ದಳಕ್ಕೆ ಮೊದಲ ಸುದ್ದಿ ಬಂದುದು ಬೀದಿಯಲ್ಲಿದ್ದ ದಾರಿಹೋಕರಿಂದ. ಆ ಬೆಂಕಿ 3 ಮಂದಿ ಅಗ್ನಿಶಾಮಕರನ್ನು ಬಲಿ ತೆಗೆದುಕೊಂಡಿತು.

ಆದಕಾರಣ ಜೋಡಣೆ ಮುಗಿದ ಮೇಲೆ ಸಾಮಾನ್ಯ, ಬೆಂಕಿ, ದೋಷ ಎಂಬ ಮೂರು ಸ್ಥಿತಿಗಳನ್ನೂ ಫಲಕದಲ್ಲಿ ಉಂಟುಮಾಡಿ, ದೂರ ಠಾಣೆಯಲ್ಲಿರುವವರು ಅವನ್ನು ಸರಿಯಾಗಿ ಓದಿದರೆ ಎಂದು ಕೇಳಿ ದೃಢಪಡಿಸಿಕೊಳ್ಳುವುದು ಅತ್ಯಗತ್ಯ. ತಂತಿಯ ಒಂದು ತುದಿಯನ್ನಷ್ಟೇ ನೋಡಿ ನಡೆಸಿದ ಪರೀಕ್ಷೆ ಅರ್ಧ ಪರೀಕ್ಷೆಯೇ ಸರಿ.