ಕನ್ನಡಕಕ್ಕೆ ಮಂಜು ಕವಿಯುವುದೇಕೆ?

ಮುಂಜಾನೆ ಫಜ್ರ್ ನಮಾಝಿಗೆ ಹೊರಡುವ ಹಿರಿಯರು, ನಿಕಾಬ್ ಧರಿಸುವ ಹೆಣ್ಣುಮಕ್ಕಳು, ಬಸವಾಪಟ್ಟಣದಿಂದ ದಾವಣಗೆರೆಗೆ ಬೈಕಿನಲ್ಲಿ ಹೋಗುವ ಯುವಕರು, ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಲ್ಲುವವರು – ಕನ್ನಡಕ ಇರುವ ಇವರೆಲ್ಲರ ದೂರು ಒಂದೇ: "ಗಾಜು ಮಬ್ಬಾಗುತ್ತದೆ, ಏನೂ ಕಾಣುವುದಿಲ್ಲ." ಇದು ರೋಗವಲ್ಲ. ಆದರೆ ಎದುರಿನ ಲಾರಿ, ಮೆಟ್ಟಿಲಿನ ಅಂಚು ಅಥವಾ ಒಲೆಯ ಮೇಲಿನ ಕಾದ ಎಣ್ಣೆ ಎರಡು ಕ್ಷಣ ಕಾಣದಿದ್ದರೂ ಆಗುವ ಹಾನಿ ದೊಡ್ಡದು.

ಕಾರಣ ಏನು?

ಗಾಳಿಯಲ್ಲಿ ನೀರಿನ ಆವಿ ಸದಾ ಇರುತ್ತದೆ. ಬಿಸಿ ಗಾಳಿ ಹೆಚ್ಚು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತಣ್ಣಗಾದರೆ ಅದು ಹನಿಯಾಗುತ್ತದೆ. ಹೊರಗೆ 25 ಡಿಗ್ರಿ ಸೆಲ್ಸಿಯಸ್ ಶಾಖ, ಶೇ. 80ರಷ್ಟು ತೇವಾಂಶ ಇದ್ದರೆ, ಸುಮಾರು 21 ಡಿಗ್ರಿಗಿಂತ ತಣ್ಣಗಿರುವ ಯಾವುದೇ ವಸ್ತುವಿನ ಮೇಲೆ ಹನಿ ಕೂರುತ್ತದೆ. ಎ.ಸి. ಕೋಣೆಯಿಂದ ಹೊರಬಂದಾಗ ಆಗುವುದು ಇದೇ. ನಮ್ಮ ಉಸಿರು ಇನ್ನೂ ಬಿಸಿ, ಇನ್ನೂ ತೇವ. ಮಾಸ್ಕ್, ನಿಕಾಬ್ ಅಥವಾ ಹೆಲ್ಮೆಟ್ ಅದನ್ನು ತಡೆದಾಗ ಅದು ಮೇಲಕ್ಕೆ ನುಗ್ಗಿ ತಣ್ಣಗಿನ ಗಾಜಿಗೆ ಬಡಿಯುತ್ತದೆ. ಗಾಜಿನ ಮೇಲೆ ಕೂರುವ ಸಾವಿರಾರು ಸಣ್ಣ ಹನಿಗಳು ಬೆಳಕನ್ನು ಚದುರಿಸುವುದರಿಂದ ದೃಷ್ಟಿ ಮಬ್ಬಾಗುತ್ತದೆ.

ಸಾಬೂನಿನ ಉಪಾಯ

ಸಾಬೂನು ನೀರಿನ ಹನಿ ಗುಂಡಗೆ ನಿಲ್ಲದಂತೆ ಮಾಡುತ್ತದೆ. ನೀರು ತೆಳುವಾದ ಪದರವಾಗಿ ಹರಡುವುದರಿಂದ ಅದರ ಮೂಲಕ ನೋಟ ಸ್ಪಷ್ಟವಾಗಿರುತ್ತದೆ. ಮಾಸ್ಕ್ ಧರಿಸುವ ಶಸ್ತ್ರವೈದ್ಯರಿಗೆಂದು ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಪತ್ರಿಕೆಯಲ್ಲಿ 2011ರಲ್ಲಿ ಪ್ರಕಟವಾದ ಸಲಹೆಯೂ ಇದೇ. ಕ್ರಮ ಹೀಗಿದೆ:

1. ಮೊದಲು ನಲ್ಲಿಯ ತಣ್ಣೀರಿನಲ್ಲಿ ಕನ್ನಡಕ ಹಿಡಿದು ಧೂಳು ಹೋಗಲಾಡಿಸಿ. ಒಣ ಧೂಳನ್ನು ದುಪಟ್ಟಾ ಅಥವಾ ಅಂಗಿಯ ತುದಿಯಿಂದ ಒರೆಸಿದರೆ ಗೀರು ಬೀಳುತ್ತದೆ.
2. ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ಸ್ವಲ್ಪ ನೀರಿಗೆ ಬೆರೆಸಿ, ಅದರಲ್ಲಿ ಗಾಜಿನ ಎರಡೂ ಬದಿಗಳನ್ನು ಬೆರಳಿನಿಂದ ಮೃದುವಾಗಿ ತೊಳೆಯಿರಿ.
3. ನೀರು ಝಾಡಿಸಿ, ಗಾಳಿಗೆ ಒಣಗಲು ಬಿಡಿ ಅಥವಾ ಮೆತ್ತನೆಯ ಬಟ್ಟೆ ಒತ್ತಿ ತೇವ ತೆಗೆಯಿರಿ. ತಿಕ್ಕಬೇಡಿ.

ಇದರ ಪರಿಣಾಮ ಕೆಲವು ಗಂಟೆ ಮಾತ್ರ. ಹೇಗೂ ವುಝೂ ಮಾಡುವಾಗ ಕನ್ನಡಕ ತೆಗೆಯುತ್ತೇವೆ. ದಿನಕ್ಕೊಮ್ಮೆ ಆಗಲೇ ತೊಳೆದುಕೊಂಡರೆ ರೂಢಿಯಾಗುತ್ತದೆ. ಅತ್ತರ್, ತಲೆಯೆಣ್ಣೆ, ಸುರ್ಮಾ ತಾಗಿದ ಬೆರಳಿನಿಂದ ಗಾಜು ಮುಟ್ಟಬೇಡಿ. ಜಿಡ್ಡಿನ ಮೇಲೆ ಮಂಜು ಬೇಗ ಕೂರುತ್ತದೆ.

ಉಸಿರಿನ ದಾರಿ ಬದಲಿಸಿ

ಮಾಸ್ಕಿನ ತಂತಿಯನ್ನು ಮೂಗಿನ ಮೇಲೆ ಒತ್ತಿ ಕೂರಿಸಿ. ನಿಕಾಬಿನ ಮೇಲಂಚು ಮೂಗಿಗೆ ಅಂಟಿಕೊಂಡಿರಲಿ, ಕನ್ನಡಕ ಆ ಬಟ್ಟೆಯ ಮೇಲೆ ಕೂರಲಿ. ಹೆಲ್ಮೆಟ್ಟಿನ ಗಾಳಿಕಿಂಡಿ ತೆರೆದಿಡಿ. ಓಡಿಸುವಾಗ ಮಬ್ಬಾದರೆ ಒಂದು ಕೈಯಲ್ಲಿ ಒರೆಸುತ್ತಾ ಸಾಗಬೇಡಿ, ಪಕ್ಕಕ್ಕೆ ನಿಲ್ಲಿಸಿ. ದಮ್ ಬಿರಿಯಾನಿಯ ಮುಚ್ಚಳವನ್ನಾಗಲಿ, ಅಡಿಕೆ ಹಂಡೆಯ ಮುಚ್ಚಳವನ್ನಾಗಲಿ ಮುಖದ ಕಡೆಗಲ್ಲ, ಆಚೆ ಬದಿಯಿಂದ ಎತ್ತಿ. ಹಬೆ ಹೋದ ಮೇಲೆ ಬಗ್ಗಿ ನೋಡಿ.

ಟೂತ್‌ಪೇಸ್ಟ್, ವಿನೆಗರ್, ಲಿಂಬೆರಸ, ಬಿಸಿನೀರು ಬಳಸಬೇಡಿ. ಗಾಜಿನ ಮೇಲಿನ ತೆಳು ಲೇಪನ ಹಾಳಾಗುತ್ತದೆ. ಎಂಜಲು ಹಚ್ಚುವುದು ಶುಚಿತ್ವಕ್ಕೆ ವಿರುದ್ಧ.

ದುರ್ಬೀನು ಇದ್ದವರಿಗೆ

ಹಿಂದೆ ಬೇಟೆಗಾರರ ಕೈಯಲ್ಲಿದ್ದ ದುರ್ಬೀನು ಇಂದು ಸೂಳೆಕೆರೆಯ ದಡದಲ್ಲಿ ಹಕ್ಕಿ ನೋಡುವವರ ಕೈಯಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡುಪ್ರಾಣಿಗಳ ಬೇಟೆ ಅಪರಾಧ. ದುರ್ಬೀನಿನ ಗಾಜಿಗೆ ಬಾಯಿಂದ ಊದಬೇಡಿ, ಅದನ್ನು ಸಾಬೂನು ನೀರಿನಲ್ಲಿ ಅದ್ದಬೇಡಿ. ತಣ್ಣಗಿನ ಕಾರಿನಿಂದ ಇಳಿದ ಮೇಲೆ ಅದನ್ನು ಚೀಲದಲ್ಲೇ ಕೆಲವು ನಿಮಿಷ ಬಿಟ್ಟು, ಹೊರಗಿನ ಶಾಖಕ್ಕೆ ಹೊಂದಿದ ನಂತರ ತೆಗೆಯಿರಿ. ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಮಂಜು ಒಳಗೇ ಕೂತಿದ್ದರೆ ತೇವ ಒಳನುಗ್ಗಿದೆ ಎಂದರ್ಥ. ಬೂಸ್ಟು ಹಿಡಿಯುವ ಮೊದಲು ರಿಪೇರಿ ಮಾಡಿಸಿ.

ಒರೆಸಿದರೂ ಹೋಗದ ಮಂಜು

ಕನ್ನಡಕವನ್ನು ಚೆನ್ನಾಗಿ ತೊಳೆದು ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ದೂರದ ಬರಹ ಓದಿ. ಆಗಲೂ ಮಬ್ಬಿದ್ದರೆ ತೊಂದರೆ ಗಾಜಿನಲ್ಲಲ್ಲ, ಕಣ್ಣಿನಲ್ಲಿರಬಹುದು. ವಯಸ್ಸಾದವರಲ್ಲಿ ಇದು ಹೆಚ್ಚಾಗಿ ಕಣ್ಣಿನ ಪೊರೆ. ಯುನಾನಿ ಹಕೀಮರು ಇದನ್ನು 'ನುಝೂಲುಲ್ ಮಾ' ಅಂದರೆ 'ನೀರಿಳಿಯುವುದು' ಎಂದು ಕರೆದರು. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಬಲಿತ ಪೊರೆಯನ್ನು ಸುರ್ಮಾ, ಜೇನುತುಪ್ಪ, ಕಣ್ಣಿನ ಹನಿ ಯಾವುದೂ ಕರಗಿಸದು. ಅದಕ್ಕೆ ಶಸ್ತ್ರಚಿಕಿತ್ಸೆಯೇ ಮದ್ದು. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ ಪರೀಕ್ಷಿಸಿಕೊಳ್ಳಬೇಕು. ಕಣ್ಣು ಕೆಂಪಾಗಿ ನೋವು ಬಂದರೆ, ದೀಪದ ಸುತ್ತ ಬಣ್ಣದ ಉಂಗುರ ಕಂಡರೆ ಅಥವಾ ದೃಷ್ಟಿ ಥಟ್ಟನೆ ಕುಂದಿದರೆ ಅಂದೇ ನೇತ್ರತಜ್ಞರ ಬಳಿ ಹೋಗಿ. ಮನೆಯ ಹಿರಿಯರು "ಕನ್ನಡಕ ಮಸುಕಾಗಿದೆ" ಎಂದು ಪದೇ ಪದೇ ಒರೆಸುತ್ತಿದ್ದರೆ, ಈ ಪರೀಕ್ಷೆಯನ್ನು ಇಂದೇ ಮಾಡಿಸಿ.